ಇಪ್ಪತ್ತಾರು ದಿನದ ಕಾರಿಗೆ ಬಿದ್ದ ಕಣ್ಣು

ಸುಲಭಾಳಿಗೆ ಆ ದಿನ ಬೆಳಗಿನಿಂದಲೇ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ಮಾತ್ರ ಮೋಟೆಬೆನ್ನೂರು ದಾಟುವವರೆಗೆ ತೀರ್ಮಾನವಾಗಿರಲಿಲ್ಲ.

ಮೋಟೆಬೆನ್ನೂರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಕಾರು ಹಿಂದಿನಿಂದ ಥಪಥಪ ಸದ್ದು ಮಾಡಿ ಒಂದು ಕಡೆಗೆ ವಾಲಿತು. ಗಂಡ ಶಿವಾನಂದ ಅದನ್ನು ಹೆದ್ದಾರಿಯ ಅಂಚಿಗೆ ನಿಲ್ಲಿಸಿ ಇಳಿದ. ಒಂದು ಸುತ್ತು ಹಾಕಿ ಬಂದು ಕಿಟಕಿಯ ಹತ್ತಿರ ಬಗ್ಗಿ, ಸಾವಿನ ಸುದ್ದಿ ಹೇಳುವವನಂತೆ ಮೆಲ್ಲಗೆ ಹೇಳಿದ.

"ಗಾಲಿ ಕುಂತೈತಿ."

"ಕುಂತೈತಿ ಅಂದ್ರ? ಹಾವೇರಿಯಿಂದ ನಡಕೊಂತ ಬಂದೈತೇನು, ದಣಿವಾಗಿ ಕುಂದ್ರಾಕ?"

"ಪಂಚರ್ ಆಗೈತಿ, ಸುಲಭಾ."

"ಇಪ್ಪತ್ತಾರು ದಿನದ ಕಾರು ಪಂಚರ್ ಹೆಂಗ ಆಗತೈತಿ?"

ಶಿವಾನಂದ ಮತ್ತೊಮ್ಮೆ ಗಾಲಿಯ ಕಡೆ ನೋಡಿದ. (ಅವನು ತಾಲೂಕು ಕಚೇರಿಯಲ್ಲಿ ಗುಮಾಸ್ತ. ಉತ್ತರವಿಲ್ಲದ ಪ್ರಶ್ನೆ ಬಂದರೆ ಮೇಲಿನವರಿಗೆ ಕಳಿಸಿ ಅಭ್ಯಾಸ. ಮನೆಯಲ್ಲಿ ಮೇಲಿನವರು ಎಂದರೆ ಪ್ರಶ್ನೆ ಕೇಳಿದವರೇ ಆಗಿದ್ದರು.)

ಕಾರು ನಿಜಕ್ಕೂ ಎಳೆಗೂಸು. ಸೀಟುಗಳ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ತೆಗೆಯಬಾರದೆಂದು ಸುಲಭಾಳ ಆಜ್ಞೆಯಿತ್ತು. ಬಿಸಿಲಿಗೆ ಬೆನ್ನು ಅದಕ್ಕೆ ಅಂಟಿಕೊಂಡು, ಏಳುವಾಗ ಸರ್ರನೆ ಕಿತ್ತು ಬರುತ್ತಿತ್ತು. ಆ ಸಂಕಟವನ್ನೂ ಅವಳು ಹೊಸತನದ ಲಕ್ಷಣವೆಂದು ಸಹಿಸಿದ್ದಳು. ಇವತ್ತು ಕಾರಿಗೆ ಊರು ಬಿಟ್ಟು ಹೊರಡುವ ಮೊದಲ ಪ್ರಯಾಣ. ಅದೂ ಎಂಥ ಪ್ರಯಾಣ!

ರಾಣೇಬೆನ್ನೂರಿನಲ್ಲಿ ಅವಳ ಅಕ್ಕ ಜ್ಯೋತ್ಸ್ನಾ ಇದ್ದಾಳೆ. ಅಕ್ಕನ ಮಗಳು ನಂದಿತಾ ಬಸುರಿ. ಇವತ್ತು ಹನ್ನೆರಡೂವರೆಗೆ ಅವಳ ಕುಬಸ, ಅಂದರೆ ಸೀಮಂತ. ನಂದಿತಾ ಕಾಲೇಜು ಓದಿದ ಮೂರು ವರ್ಷವೂ ಹಾವೇರಿಯಲ್ಲಿ ಸುಲಭಾಳ ಮನೆಯಲ್ಲಿಯೇ ಇದ್ದವಳು. ಪರೀಕ್ಷೆಯ ದಿನ ಹೊಟ್ಟೆ ಕೆಟ್ಟರೆ ಮೆಂತ್ಯದ ಗಂಜಿ ಕುಡಿಸಿದವಳು ಸುಲಭಾ. ಮೊದಲ ಹಸಿರು ಬಳೆಯನ್ನು ತಾನೇ ತೊಡಿಸಬೇಕೆಂದು ಅವಳು ಎರಡು ತಿಂಗಳಿನಿಂದ ಕನಸು ಕಂಡಿದ್ದಳು.

ಆದರೆ ನಂದಿತಾಳಿಗೆ ಒಬ್ಬ ಸೋದರತ್ತೆಯೂ ಇದ್ದಳು, ದ್ರಾಕ್ಷಾಯಿಣಿ. ಬ್ಯಾಡಗಿಯವಳು. ಬಳೆ ತೊಡಿಸುವ ಹಕ್ಕು ಅವಳಿಗೂ ಇತ್ತು. ಇಬ್ಬರ ನಡುವೆ ಸಿಕ್ಕ ಜ್ಯೋತ್ಸ್ನಾ ಫೋನಿನಲ್ಲಿ ತೀರ್ಪು ಕೊಟ್ಟಿದ್ದಳು: "ನನಗ ಇಬ್ಬರೂ ಬೇಕವ್ವಾ. ಹೊತ್ತಿಗೆ ಸರಿಯಾಗಿ ಯಾರು ಮಣೀ ಮುಂದ ಇರ್ತೀರೋ ಅವರು ತೊಡಸ್ರಿ."

ಈಗ ಗಂಟೆ ಹನ್ನೊಂದೂವರೆ.

"ಹಳ್ಳ ನೋಡಿ ಹೊಡೀರಿ ಅಂದೆ. ಕೇಳಿದ್ರೇನು?" ಸುಲಭಾ ಕಾರಿನಿಂದ ಕಿತ್ತುಕೊಂಡು ಇಳಿದಳು.

"ಹೆದ್ದಾರ್ಯಾಗ ಹಳ್ಳ ಎಲ್ಲಿ ಬಂತು?"

"ನೀವು ಹುಡುಕಿ ಹೊಡದಿರ್ತೀರಿ."

ಹೆಚ್ಚಿನ ಗಾಲಿ ಡಿಕ್ಕಿಯ ತಳದಲ್ಲಿತ್ತು. ಡಿಕ್ಕಿಯ ಮೇಲ್ಭಾಗದಲ್ಲಿ ಕುಬಸವಿತ್ತು. ಶೇಂಗಾ ಹೋಳಿಗೆಯ ಡಬ್ಬಿ, ಕರ್ಚಿಕಾಯಿಯ ಡಬ್ಬಿ, ಉಡಿ ತುಂಬುವ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಇಳಕಲ್ ಸೀರೆ, ಬಳೆಯ ಪೆಟ್ಟಿಗೆ, ಎಲ್ಲವನ್ನೂ ಒಂದೊಂದಾಗಿ ಹೆದ್ದಾರಿಯ ಅಂಚಿಗೆ ಇಳಿಸಬೇಕಾಯಿತು. ಒಬ್ಬ ಬೈಕಿನವನು ನಿಲ್ಲಿಸಿ, ಕರ್ಚಿಕಾಯಿ ಹೆಂಗೆ ಕೊಡುತ್ತೀರಿ ಎಂದು ಕೇಳಿದ. ಸುಲಭಾ ನೋಡಿದ ನೋಟಕ್ಕೆ ಅವನು ಗೇರು ಹಾಕುವುದನ್ನೂ ಮರೆತು ಕಾಲಿನಿಂದ ಬೈಕನ್ನು ತಳ್ಳಿಕೊಂಡು ಹೋದ.

ಶಿವಾನಂದ ಕಾರಿನ ಕಂಪನಿಯವರು ಕೊಟ್ಟ ಪುಸ್ತಕವನ್ನು ತೆಗೆದು ಮೊದಲ ಪುಟದಿಂದ ಓದತೊಡಗಿದ.

"ಏನು ಮಾಡಾಕತ್ತೀರಿ?"

"ಪದ್ಧತಿ ಪ್ರಕಾರ ಮಾಡಬೇಕು. ಗಾಲಿ ವಿಷಯ ಮುಂದ ಎಲ್ಲೋ ಬರತೈತಿ."

"ಪುಸ್ತಕ ಮುಗಿಯೋದ್ರಾಗ ನಂದಿತಾನ ಕೂಸು ಸಾಲಿಗೆ ಹೊಕ್ಕೈತಿ. ತಗೀರಿ ಪಾನಾ."

ಅವನು ಪಾನಾ ಹಾಕಿ ತಿರುಗಿಸಿದ. ಬೋಲ್ಟು ಅಲುಗಲಿಲ್ಲ. ಎರಡೂ ಕೈಯಿಂದ ಒತ್ತಿದ. ಕೊನೆಗೆ ಪಾನಾದ ಮೇಲೆ ಹತ್ತಿ ನಿಂತ. ಆಗಲೂ ಬೋಲ್ಟು ಅಲುಗಲಿಲ್ಲ, ಶಿವಾನಂದ ಅಲುಗಿದ. ಅಲುಗಿದವನು ಹೋಗಿ ಅಕ್ಕಿಯ ಚೀಲದ ಮೇಲೆ ಕುಳಿತ.

ಸುಲಭಾಳ ಸಿಟ್ಟಿಗೆ ಗಂಡ ಸಾಲದಾದ. ಅವನನ್ನು ಬೈದು ಮುಗಿದ ಮೇಲೂ ಸಿಟ್ಟು ಇನ್ನೂ ಅರ್ಧ ಉಳಿದಿತ್ತು. ಅಷ್ಟರಲ್ಲಿ ಅವಳಿಗೆ ಹೊಳೆಯಿತು.

"ಇದು ಕಣ್ಣು ರೀ. ಆಕಿ ಕಣ್ಣು."

"ಯಾರದು?"

"ದ್ರಾಕ್ಷಾಯಿಣೀದು. ಹೋದ ವಾರ ಬಂದಾಗ ಹೆಂಗ ನೋಡಿದ್ಲು ನೋಡಿದ್ರಲ್ಲ?"

ನೋಡಿದ್ದೇನೋ ನಿಜ. ದ್ರಾಕ್ಷಾಯಿಣಿ ಕಾರಿನ ಸುತ್ತ ಮೂರು ಸಲ ತಿರುಗಿ, ಬಾಗಿಲ ಮೇಲೆ ಕೈಯಾಡಿಸಿ, "ಭಾಳ ಚಂದ ಐತ್ರಿ ಅಕ್ಕಾರ" ಎಂದಿದ್ದಳು. ಆಮೇಲೆ ಮನೆಯೊಳಗೆ ಬಂದು ಹೊಸ ಪರದೆ ನೋಡಿದಳು, ಮಿಕ್ಸಿ ನೋಡಿದಳು, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಕುಬಸದ ತಾರೀಕನ್ನು ನೋಡಿದಳು. ಅವಳು ಹೋದ ಮೇಲೆ ಸುಲಭಾಳಿಗೆ ಮೂರು ದಿನ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ಅದಕ್ಕೆಂದೇ ಇವತ್ತು ನಸುಕಿನಲ್ಲಿ ಎದ್ದು, ಗಂಡ ಸ್ನಾನಕ್ಕೆ ಹೋದಾಗ, ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದಳು. ಫರಸಿಕಲ್ಲು ಹಾಸಿದ ಅಂಗಳ ಇಳಿಜಾರು. ಮೂರು ನಿಂತವು, ಹಿಂದಿನ ಗಾಲಿಯದೊಂದು ಮಾತ್ರ ಉರುಳಿ ಉರುಳಿ ಗಟಾರದ ದಾರಿ ಹಿಡಿಯುತ್ತಿತ್ತು. ಸುಲಭಾ ಸೋಲುವವಳಲ್ಲ. ಅದನ್ನೂ ಒಂದು ಉಪಾಯ ಮಾಡಿ ನಿಲ್ಲಿಸಿದ್ದಳು. ಹೊರಡುವಾಗ ನಾಲ್ಕೂ ಹಣ್ಣು ಪಚಪಚನೆ ಒಡೆದ ಸದ್ದು ಕೇಳಿ ಅವಳ ಮನಸ್ಸಿಗೆ ಎಷ್ಟು ಸಮಾಧಾನವಾಗಿತ್ತು! (ಶಿವಾನಂದನಿಗೆ ಆಗ ಬೇರೆಯದೇ ಚಿಂತೆ. "ಕ್ಯಾಲೆಂಡರ್ ಯಾಕ ನೆಲದ ಮ್ಯಾಲೆ ಬಿದ್ದೈತಿ?" ಎಂದು ಕೇಳಿದ್ದ. "ಗಾಳಿಗೆ ಬಿದ್ದಿರಬೇಕು, ಲಗೂ ನಡೀರಿ" ಎಂದಿದ್ದಳು.)

"ನಾಕು ನಿಂಬಿಹಣ್ಣಿಗೂ ಬಗ್ಗಲಿಲ್ಲ ಅಂದ್ರ ಎಂಥಾ ಕಣ್ಣಿರಬೇಕು ಆಕೀದು," ಎಂದು ಸುಲಭಾ ಹಲ್ಲು ಕಡಿದಳು.

ಆಗ ಬ್ಯಾಡಗಿಯ ಕಡೆಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಒಂದು ಸಣ್ಣ ಟೆಂಪೊ ಬಂದು ಪಕ್ಕದಲ್ಲಿ ನಿಂತಿತು. ಇಳಿದವನು ಬೇರೆ ಯಾರೂ ಅಲ್ಲ, ದ್ರಾಕ್ಷಾಯಿಣಿಯ ಗಂಡ ಮೈಲಾರೆಪ್ಪ. ಮೆಣಸಿನಕಾಯಿ ವ್ಯಾಪಾರಸ್ಥ.

"ಏನ್ರಿ ಅಕ್ಕಾರ, ಸಂತಿ ಹಚ್ಚೀರಲ್ಲ ಇಲ್ಲೆ?" ಎಂದ ಅವನು ಡಬ್ಬಿಗಳನ್ನು ನೋಡಿ. "ನಾನೂ ಕುಬಸಕ್ಕ ಹೊಂಟೇನಿ. ರಾಣೇಬೆನ್ನೂರಾಗ ಚೀಲ ಇಳಿಸೋದಿತ್ತು. ಒಂದು ಕೆಲಸ ಮಾಡ್ರಿ. ನೀವು ನಮ್ಮ ಗಾಡ್ಯಾಗ ಹೋಗ್ರಿ, ನಮ್ಮ ಡ್ರೈವರ್ ಶಾಕೀರ ಬಿಡ್ತಾನ. ಸಾಹೇಬ್ರೂ ನಾನೂ ಗಾಲಿ ಬದಲಿ ಮಾಡಿ ಬರ್ತೇವಿ."

ಸುಲಭಾ ಟೆಂಪೊ ನೋಡಿದಳು. ಹೊಸ ಕಾರಿನಿಂದ ಇಳಿಯುವ ದೃಶ್ಯವನ್ನು ಅವಳು ಮನಸ್ಸಿನಲ್ಲಿ ಅದೆಷ್ಟು ಸಲ ಇಳಿದಿದ್ದಳೋ. ಗಡಿಯಾರ ನೋಡಿದಳು. ಹನ್ನೆರಡಾಗಲು ಹತ್ತೇ ನಿಮಿಷ. ಉಳಿದರ್ಧ ಸಿಟ್ಟು ಬಾಯಿಗೆ ಬಂತು.

"ಒಂದು ಮಾತು ಹೇಳ್ತೇನಿ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮನಿಯವರು ಅವತ್ತು ಕಾರು ಭಾಳ ಹೊತ್ತು ನೋಡಿದ್ರು. ಅದ ಹತ್ತೈತಿ ಇದಕ್ಕ."

ಶಿವಾನಂದ ಪುಸ್ತಕವನ್ನು ಮುಖದ ಮುಂದೆ ಹಿಡಿದುಕೊಂಡ. ಮೈಲಾರೆಪ್ಪ ಮಾತ್ರ ಪಾನಾ ತೆಗೆದುಕೊಂಡು ಶಾಂತವಾಗಿ ಕುಕ್ಕರಗಾಲಿನಲ್ಲಿ ಕುಳಿತ.

"ಇರಬಹುದ್ರಿ. ಆಕಿ ಕಣ್ಣು ನನ್ನ ಮ್ಯಾಲೆ ಬಿದ್ದು ಇಪ್ಪತ್ತೆಂಟು ವರ್ಷ ಆತು. ನನ್ನ ಗಾಳಿ ಇನ್ನೂ ಹೋಗಿಲ್ಲ. ಹೊಸ ಕಂಪನಿ ಮಾಲು ನಾಜೂಕು ಇರಬೇಕು ತಗೋರಿ."

ಟೆಂಪೊದಲ್ಲಿ ಶಾಕೀರನ ಪಕ್ಕದಲ್ಲಿ, ಬಳೆಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಸುಲಭಾ ಹೊರಟಳು. ಹಿಂದಿನ ಚೀಲಗಳಿಂದ ಖಾರದ ಘಾಟು ಅಲೆಯಲೆಯಾಗಿ ಬಂದು ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ರೈಲ್ವೆ ಗೇಟಿನ ಹತ್ತಿರ ಗಾಡಿ ಇಪ್ಪತ್ತು ನಿಮಿಷ ನಿಂತಿತು. ಅಕ್ಕನ ಮನೆ ಮುಟ್ಟಿದಾಗ ಹನ್ನೆರಡು ಐವತ್ತು.

ಬಾಗಿಲಲ್ಲಿ ಹೆಂಗಸರೆಲ್ಲ ಹೊಸ ಕಾರು ನೋಡಲು ಕಾದು ನಿಂತಿದ್ದರು. ಮೆಣಸಿನಕಾಯಿ ಟೆಂಪೊದಿಂದ, ಕೆಂಪು ಮೂಗಿನ ಸುಲಭಾ ಇಳಿದಳು.

ಎಲ್ಲ ಮುಗಿದಿರುತ್ತದೆ ಎಂದುಕೊಂಡೇ ಅವಳು ಒಳಗೆ ಹೋದದ್ದು. ನಂದಿತಾ ಮಣೆಯ ಮೇಲೆ ಕುಳಿತಿದ್ದಳು. ಎರಡೂ ಕೈ ಬರಿದಾಗಿದ್ದವು. ಮಣೆಯ ಮುಂದೆ ದ್ರಾಕ್ಷಾಯಿಣಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರೊಡನೆ ವಾದ ಮಾಡುತ್ತಿದ್ದಳು.

"ಒಂದೂ ಹತ್ತರತನಕ ಹೊತ್ತು ಛಲೋ ಐತಿ ಅಂತ ನೀವ ಅಂದೀರಿ. ಮೂರು ವರ್ಷ ಕೂಳು ಹಾಕಿದ ಚಿಗವ್ವ ಬರಾಕತ್ತಾಳ. ಆಕಿ ಬರೋತನಕ ಯಾರೂ ಬಳಿ ಮುಟ್ಟಂಗಿಲ್ಲ." ಸುಲಭಾಳನ್ನು ಕಂಡು ಪಕ್ಕಕ್ಕೆ ಸರಿದಳು. "ಬರ್ರಿ ಅಕ್ಕಾರ. ಮನಿಯವರು ಫೋನ್ ಮಾಡಿ ಎಲ್ಲಾ ಹೇಳ್ಯಾರ."

ಎಲ್ಲಾ ಎಂದರೆ ಎಲ್ಲಿಯವರೆಗೆ ಎಂದು ಸುಲಭಾ ಕೇಳಲಿಲ್ಲ. ಅವಳ ಸಿಟ್ಟು ಇನ್ನಷ್ಟು ಏರಿತು. ಒಳ್ಳೆಯವಳಾಗಲು ಇವಳಿಗೆ ಇವತ್ತೇ ಬೇಕಾಗಿತ್ತೆ? ತಪ್ಪು ಮಾಡಿದವರೇ ಹೀಗೆ ಉಪಚಾರ ಮಾಡುತ್ತಾರೆ ಎಂದುಕೊಂಡು ಮಣೆಯ ಮುಂದೆ ಕುಳಿತಳು. ನಂದಿತಾಳ ಕೈ ಹಿಡಿದು ಮೊದಲ ಬಳೆಯನ್ನು ಬೆರಳಿಗೆ ತಂದಳು.

ಅಷ್ಟರಲ್ಲಿ ಮೆಣಸಿನಕಾಯಿ ತನ್ನ ಕೆಲಸ ಮಾಡಿತು. ಸುಲಭಾ ಸೀನಿದಳು.

ಒಂಟಿ ಸೀನು. ಆಗಷ್ಟೇ ಶುರುವಾಗಿದ್ದ ಹಾಡು ನಿಂತಿತು. ಮುತ್ತೈದೆಯರ ಮುಖ ಸಣ್ಣದಾಯಿತು. ಜ್ಯೋತ್ಸ್ನಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಸುಲಭಾ ಇನ್ನೊಂದು ಸೀನು ಬರಲೆಂದು ಮೂಗು ಮೇಲೆ ಮಾಡಿ ಹೆಣಗಿದಳು. ಬರಲಿಲ್ಲ.

"ಆಕ್ಷೀ" ಎಂದಳು ದ್ರಾಕ್ಷಾಯಿಣಿ, ಸ್ಪಷ್ಟವಾಗಿ, ಸಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ. "ನನಗೂ ಘಾಟು ಹತ್ತಿತು ನೋಡ್ರಿ. ಎರಡು ಆತಲ್ಲ? ತೊಡಸ್ರಿ ಇನ್ನ."

ಬಳೆ ಏರಿತು. ನಂದಿತಾ ನಕ್ಕಳು. ಸುಲಭಾಳ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯದು ಎಂದು ಅವಳು ಎಲ್ಲರಿಗೂ ಹೇಳಿದಳು.

ನಾಲ್ಕು ಗಂಟೆಗೆ ಹೊರಡುವ ಹೊತ್ತಾಯಿತು. ಕಾರು ಬಾಗಿಲ ಮುಂದೆ ನಿಂತಿತ್ತು. ದ್ರಾಕ್ಷಾಯಿಣಿ ತಟ್ಟೆಯಲ್ಲಿ ನಾಲ್ಕು ನಿಂಬೆಹಣ್ಣು ಇಟ್ಟುಕೊಂಡು ಹೊರಗೆ ಬಂದಳು.

"ಅಕ್ಕಾರ, ನನ್ನ ಕಣ್ಣು ಹತ್ತೈತಿ ಅಂದ್ರಂತ. ಹತ್ತಿದ್ರ ನಾನ ತೆಗೀಬೇಕಲ್ಲ. ನಾನ ಇಡ್ತೇನಿ ಇವನ್ನ."

ಸುಲಭಾ ನೆಲ ನೋಡಿದಳು. ಆಗ ಶಿವಾನಂದ ಮುಂದೆ ಬಂದ. ಊಟದ ನಂತರ ಅವನು ಫಕ್ಕೀರಸಾಬನ ಪಂಚರ್ ಅಂಗಡಿಗೆ ಹೋಗಿ ಗಾಲಿ ತಿದ್ದಿಸಿಕೊಂಡು ಬಂದಿದ್ದ. ಕಿಸೆಯಿಂದ ಒಂದು ಕಾಗದದ ಪೊಟ್ಟಣ ತೆಗೆದು ತಟ್ಟೆಯಲ್ಲಿ ನಿಂಬೆಹಣ್ಣಿನ ಪಕ್ಕದಲ್ಲಿಟ್ಟು ಬಿಚ್ಚಿದ. ಒಳಗೆ ಒಂದು ಮೊಳೆಯಿತ್ತು. ಮೊಳೆಗೆ ನಿಂಬೆಹಣ್ಣಿನ ಒಂದು ಬೀಜ ಒಣಗಿ ಅಂಟಿತ್ತು.

"ಫಕ್ಕೀರಸಾಬ ಒಂದು ಮಾತು ಕೇಳಿದ," ಎಂದ ಅವನು ಮೆಲ್ಲಗೆ. "ಇಷ್ಟು ನೆಟ್ಟಗ ಹೆಂಗ ಹೊಕ್ಕೈತ್ರಿ ಸಾಹೇಬ್ರ, ಯಾರೋ ಫರಸಿ ಸಂದ್ಯಾಗ ತಲಿಕೆಳಗ ಮಾಡಿ ನಿಲ್ಲಿಸಿ, ಮ್ಯಾಲೆ ಹಣ್ಣು ಚುಚ್ಚಿದಂಗ ಐತಿ, ಅಂದ."

ಉರುಳುವ ನಿಂಬೆಹಣ್ಣನ್ನು ಸುಲಭಾ ನಿಲ್ಲಿಸಿದ್ದು ಹಾಗೆಯೇ. ಆದರೆ ಅದನ್ನು ಯಾರೂ ನೋಡಿರಲಿಲ್ಲ. ಮೊಳೆ ಊರಲ್ಲಿ ಎಲ್ಲಿಯದೂ ಇರಬಹುದು ಎನ್ನಲು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ದ್ರಾಕ್ಷಾಯಿಣಿ ಮೊಳೆಯನ್ನು ಎತ್ತಿ ಬಿಸಿಲಿಗೆ ಹಿಡಿದಳು. ತಲೆಯ ಮೇಲೆ ನೀಲಿ ಬಣ್ಣ ಅಂಟಿತ್ತು.

"ಇದು ನಿಮ್ಮ ಪಡಸಾಲಿ ಕ್ಯಾಲೆಂಡರಿನ ಮೊಳಿ ಅಲ್ಲೇನ್ರಿ ಅಕ್ಕಾರ? ಗ್ವಾಡಿಗೆ ಬಣ್ಣ ಹಚ್ಚುವಾಗ ಇದಕ್ಕೂ ಹಚ್ಚಿದ್ರಿ. ಅವತ್ತು ತಾರೀಕು ನೋಡುವಾಗ ಕಂಡಿದ್ದೆ. ಭಾಳ ಹೊತ್ತು ನೋಡಿದ್ದೆ ನೋಡ್ರಿ."

ಮೈಲಾರೆಪ್ಪ ಟೆಂಪೊದ ಕಡೆಗೆ ಮುಖ ತಿರುಗಿಸಿದ. ಶಿವಾನಂದ ಆಕಾಶ ನೋಡಿದ. ಬೆಳಗಿನಿಂದ ಮೊದಲ ಸಲ ಸುಲಭಾಳಿಗೆ ಸಿಟ್ಟು ಮಾಡಲು ಯಾರೂ ಉಳಿದಿರಲಿಲ್ಲ. ಏನಾದರೂ ಹೇಳಬೇಕೆಂದು ಉಸಿರೆಳೆದಳು. ಬಂದದ್ದು ಸೀನು.

ಒಂದೇ ಸೀನು. ಹೊರಡುವ ಹೊತ್ತು. ಎಲ್ಲರೂ ದ್ರಾಕ್ಷಾಯಿಣಿಯ ಮುಖ ನೋಡಿದರು. ಅವಳು ತಟ್ಟೆ ಹಿಡಿದುಕೊಂಡು, ತುಟಿ ಬಿಗಿದು ಸುಮ್ಮನೆ ನಿಂತಿದ್ದಳು.

ಎರಡನೆಯದನ್ನು ಸುಲಭಾ ತಾನೇ ಸೀನಬೇಕಾಯಿತು.