ಚಳ್ಳಕೆರೆಗೆ ಹೋಗದ ಲಗ್ನಪತ್ರಿಕೆ

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಐದು ನಿಮಿಷಕ್ಕೆ ವೀರೇಶನ ಕಂಪ್ಯೂಟರ್ ಮುಷ್ಕರ ಹೂಡಿತು.

ಗಂಗಲಕ್ಷ್ಮಿಯ ಲಗ್ನಪತ್ರಿಕೆಯನ್ನು ಮೊಳಕಾಲ್ಮೂರಿನ ತನ್ನ ಕಂಪ್ಯೂಟರ್ ಅಂಗಡಿಯಿಂದ ಚಳ್ಳಕೆರೆಯ ಹಾಲೇಶಪ್ಪನವರ ಪ್ರೆಸ್ಸಿಗೆ ಅವನು ಕಳಿಸಬೇಕಿತ್ತು. ದೇವರ ಚಿತ್ರಗಳು, ಹೂಬಳ್ಳಿ, ಮೂರು ತಲೆಮಾರಿನ ಹೆಸರುಗಳು ಸೇರಿ ಫೈಲು ಸಂತೆಯ ದಿನದ ಬಸ್ಸಿನಂತೆ ಉಬ್ಬಿತ್ತು. ಈಮೇಲ್ ಅದನ್ನು ಹತ್ತಿಸಿಕೊಳ್ಳಲಿಲ್ಲ. ಅದಕ್ಕೆಂದೇ ಪ್ರೆಸ್ಸಿನ ಕಂಪ್ಯೂಟರಿಗೆ ನೇರವಾಗಿ ಫೈಲು ದಾಟಿಸುವ ಪ್ರೋಗ್ರಾಮು ಒಂದಿತ್ತು. ಗುಂಡಿ ಒತ್ತಿದ. ‘ಸಂಪರ್ಕ ಸಿಗಲಿಲ್ಲ’ ಎಂದು ಪರದೆ ಇಂಗ್ಲಿಷಿನಲ್ಲಿ ಹೇಳಿತು.

ಹುಡುಗಿಯ ಅಜ್ಜಿ ಯರ್ರಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. “ಏನಂತೈತಪ್ಪಾ?”

“ಏನಿಲ್ಲ ಅಜ್ಜಿ, ಈಗ ಹೋಗ್ತೈತೆ.”

ಹೋಗಲೇಬೇಕಿತ್ತು. ಯರ್ರಮ್ಮನ ಹಟ್ಟಿಯ ಹಿರಿಯರು ಮರುದಿನ ಬೆಳಿಗ್ಗೆ ದನ ಹೊಡೆದುಕೊಂಡು ದೂರದ ಹುಲ್ಲುಗಾವಲಿಗೆ ಹೊರಡುವವರಿದ್ದರು. ಅಷ್ಟರೊಳಗೆ ಪತ್ರಿಕೆ ಕೈಗೆ ಕೊಟ್ಟು ಕರೆಯದಿದ್ದರೆ ಅವರು ಮದುವೆಗೆ ಬರುವವರಲ್ಲ. ಚಳ್ಳಕೆರೆಯಲ್ಲಿ ಆರೂವರೆಗೆ ಕರೆಂಟು ಹೋಗುತ್ತದೆ. ಮುದ್ರಿಸುವುದಿದ್ದರೆ ಅದಕ್ಕೆ ಮುಂಚೆಯೇ.

ವೀರೇಶ ಪಾಸ್‌ವರ್ಡನ್ನು ಐದು ಸಲ ಹೊಡೆದ. ವೈರಸ್ ಕಾಯುವ ಪ್ರೋಗ್ರಾಮನ್ನು ಮಲಗಿಸಿದ. ಕಂಪ್ಯೂಟರನ್ನೇ ಆರಿಸಿ ಹಚ್ಚಿದ. ಸಂಪರ್ಕ ಸಿಗಲಿಲ್ಲ. ಪ್ರೆಸ್ಸಿಗೆ ಫೋನು ಹಚ್ಚಿದ.

“ನಮ್ ಕಡೆ ಏನೂ ತೊಂದ್ರೆ ಇಲ್ಲ ಕಣಪ್ಪ,” ಎಂದರು ಹಾಲೇಶಪ್ಪನವರು ನೆಮ್ಮದಿಯಿಂದ. “ನಿನ್ ಕಡೆ ನೋಡ್ಕೋ.”

ಅಷ್ಟರಲ್ಲಿ ಎದುರಿನ ಚಹಾದಂಗಡಿಯ ಕಾಟಪ್ಪ ಕರೆಯದೆಯೇ ಮೂರು ಲೋಟ ಚಹಾ ತಂದ. “ಲೇ ವೀರೇಶ, ಪೆಟ್ಟಿಗೆ ಕಾದೈತೆ. ನಮ್ ಟಿವಿನೂ ಹಿಂಗೇ ಮಾಡ್ತಿತ್ತು,” ಎಂದು ಮೋಡೆಮ್ಮಿನ ವೈರು ಕಿತ್ತು, ಒಲೆ ಊದಿದಂತೆ ಊದಿ, ಮತ್ತೆ ಸಿಕ್ಕಿಸಿದ.

“ಪಾಪ, ಬೆಳಿಗ್ಗೆಯಿಂದ ದುಡಿದೈತೆ,” ಎಂದು ಯರ್ರಮ್ಮ ಸೆರಗಿನಿಂದ ಕಂಪ್ಯೂಟರಿಗೆ ಗಾಳಿ ಹಾಕಿದಳು.

ಊದಿದರೂ ಬೀಸಿದರೂ ಅದು ಅದೇ ಮಾತು ಹೇಳಿತು. ಮೂರೂವರೆಗೆ ವೀರೇಶ ಸೋತ. ಫೈಲನ್ನು ಒಂದು ಸೀಡಿಗೆ ಇಳಿಸಿ, ಅಂಗಿಯೊಳಗೆ ಇಟ್ಟುಕೊಂಡು, “ಕಾಟಣ್ಣ, ಸ್ವಲ್ಪ ಅಂಗಡಿ ನೋಡ್ಕೋ,” ಎಂದು ಬಸ್ಸಿಗೆ ಓಡಿದ.

ಬಸ್ಸಿನಲ್ಲಿ ಒಂದು ಕಾಲಿಗೆ ಮಾತ್ರ ಜಾಗವಿತ್ತು. ಹಾನಗಲ್ಲಿನ ಹತ್ತಿರ ಒಂದು ಕಡಲೆಕಾಯಿ ಮೂಟೆ ಅವನ ಎದೆಗೆ ಒರಗಿ ನಿದ್ದೆ ಹೋಯಿತು. ಐದು ಗಂಟೆಗೆ ಪ್ರೆಸ್ಸಿನ ಮುಂದೆ ನಿಂತು ಸೀಡಿ ತೆಗೆದರೆ, ಅದು ಹಪ್ಪಳದಂತೆ ಎರಡಾಗಿ ಬಂತು.

ವೀರೇಶ ಎರಡು ಚೂರುಗಳನ್ನೂ ಜೋಡಿಸಿ ನೋಡಿದ.

“ಯಾಕಪ್ಪಾ ಇಷ್ಟು ದೂರ ಬಂದೆ?” ಹಾಲೇಶಪ್ಪನವರು ಅಚ್ಚರಿಪಟ್ಟರು. “ನಾಲ್ಕೂವರೆಯಿಂದ ನಿನ್ ಫೈಲಿಗೇ ಕಾಯ್ತಿದೀನಿ.”

“ನಾಲ್ಕೂವರೆಯಿಂದ?”

“ಹ್ಞೂಂ. ಮೂರರಿಂದ ನಾಲ್ಕೂವರೆ ರಾಹುಕಾಲ ಅಲ್ವೇನು? ಮದುವೆ ಕಾಗದ ಆ ಹೊತ್ನಾಗೆ ಒಳಗೆ ಬಿಟ್ಕೊಂಡ್ರೆ ಆ ಹುಡುಗಿಗೆ ಒಳ್ಳೇದಾಗ್ತೈತಾ? ಅದಕ್ಕೇ ನೆಟ್ಟಿನ ವೈರು ಕಿತ್ತಿಟ್ಟಿದ್ದೆ.”

“ನಾನು ಫೋನ್ ಮಾಡ್ದಾಗ ತೊಂದ್ರೆ ಇಲ್ಲ ಅಂದ್ರಲ್ಲಾ!”

“ಇನ್ನೇನಪ್ಪ, ನಾನೇ ಕಿತ್ತಿದ್ದು. ಅದು ತೊಂದ್ರೆ ಹೆಂಗಾಗ್ತೈತೆ?”

ವೀರೇಶನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ಮುದುಕರು ತಾವು ಕಂಡೇ ಇರದ ಹುಡುಗಿಯೊಬ್ಬಳ ಒಳಿತಿಗಾಗಿ ಒಂದೂವರೆ ಗಂಟೆ ಕೆಲಸ ನಿಲ್ಲಿಸಿದ್ದರು. ಹೇಗೂ ಈಗ ವೈರು ಕೂತಿದೆ, ದಾರಿ ತೆರೆದಿದೆ. ಊರಿನಲ್ಲಿ ಯಾರಾದರೂ ಆ ಗುಂಡಿ ಒಂದನ್ನು ಒತ್ತಿದರೆ ಸಾಕು! ತನ್ನ ಅಂಗಡಿಗೆ ಫೋನು ಹಚ್ಚಿದ. ಗಂಟೆ ಹೊಡೆಯಿತು. ಹೊಡೆಯುತ್ತಲೇ ಇತ್ತು. ಮತ್ತೆ ಹಚ್ಚಿದ. ಎತ್ತುವವರಿಲ್ಲ. ಅರ್ಧ ಗಂಟೆ ಹೀಗೇ ಕಳೆಯಿತು.

ಐದೂವರೆಗೆ ಮುಂದಿನ ಬಸ್ಸು ಪ್ರೆಸ್ಸಿನ ಎದುರೇ ನಿಂತಿತು. ಮೊದಲು ಯರ್ರಮ್ಮ ಇಳಿದಳು. ಹಿಂದೆಯೇ ಕಾಟಪ್ಪ, ತಲೆಯ ಮೇಲೆ ಕಂಬಳಿ ಸುತ್ತಿದ ದೊಡ್ಡ ಗಂಟು.

“ಅಯ್ಯೋ! ಅಂಗಡಿ?” ವೀರೇಶ ಕಿರುಚಿದ.

“ಬೀಗ ಹಾಕೀವಿ ಕಣೋ, ಚಿಂತೆ ಮಾಡ್ಬೇಡ,” ಎಂದ ಕಾಟಪ್ಪ ಏದುಸಿರು ಬಿಡುತ್ತ. “ನಿನ್ ತಟ್ಟೆ ಮುರಿದು ಗಿರಿದು ಹೋದ್ರೆ ಅಂತ ಅಜ್ಜಿಗೆ ಜೀವ ತಡೀಲಿಲ್ಲ. ಪೆಟ್ಟಿಗೇನೇ ತಂದ್ಬಿಟ್ವಿ!”

ವೀರೇಶನಿಗೆ ಹೋದ ಜೀವ ಬಂತು. ಪೆಟ್ಟಿಗೆ ಬಂದರೆ ಫೈಲೂ ಬಂದಂತೆ! ಇನ್ನೂ ಒಂದು ಗಂಟೆಯಿದೆ. ಕಾಟಪ್ಪನನ್ನು ತಬ್ಬಿಕೊಳ್ಳಬೇಕೆನ್ನಿಸಿತು.

“ಬಸ್ಸು ಗುಂಡಿಗೆ ಬಿದ್ದಾಗೆಲ್ಲ ಎದೆಗೆ ಅವುಚ್ಕೊಂಡು ಕೂತಿದ್ದೆ ಮಗಾ,” ಎಂದು ಯರ್ರಮ್ಮ ಕಂಬಳಿಯನ್ನು ಮೆಲ್ಲನೆ ಸರಿಸಿದಳು. “ಒಂದು ಗೀರೂ ಬಿದ್ದಿಲ್ಲ ನೋಡು.”

ಒಳಗಿದ್ದದ್ದು ಮಾನಿಟರ್. ಬರೀ ಮಾನಿಟರ್.

“ಇದ್ರ... ಇದ್ರ ಕೆಳಗಡೆ ಒಂದು ಡಬ್ಬ ಇತ್ತಲ್ಲಾ ಅಜ್ಜಿ?”

“ಅದು ಬರೀ ಗುರ್ ಅಂತ ಕೂತಿತ್ತು. ಲಗ್ನದ ಕಾರ್ಡು ಕಾಣ್ತಿದ್ದದ್ದು ಇದ್ರಾಗಲ್ವಾ? ಸುಮ್ನೆ ಅದನ್ನ್ಯಾಕೆ ಹೊರೋದು ಅಂತ ಅಲ್ಲೇ ಬಿಟ್ವಿ.”

ವೀರೇಶ ಬಾಗಿಲ ಚೌಕಟ್ಟಿಗೆ ಒರಗಿದ. ಅದನ್ನು ಕಂಡ ಹಾಲೇಶಪ್ಪನವರು ಥಟ್ಟನೆ ಎದ್ದು ತಮ್ಮ ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಟ್ಟರು. ಅವನು ಕೂರಬೇಕೆನ್ನುವಷ್ಟರಲ್ಲಿ ಕಾಟಪ್ಪ ಅದರ ಮೇಲೆ ಮಾನಿಟರನ್ನು ಜೋಪಾನವಾಗಿ ಕೂರಿಸಿದ.