ಎರಡಾಳು ನೀರಿನ ನಡುಗಡ್ಡೆ

ನಾನು ಸಮುದ್ರದ ನಡುವಿನ ದ್ವೀಪದಲ್ಲಿ ಮೂರು ತಿಂಗಳು ಒಬ್ಬನೇ ಇದ್ದು ಬಂದವನು. ಎಳನೀರು ಕುಡಿದೆ, ಗಿಳಿಗಳಿಗೆ ಕನ್ನಡ ಕಲಿಸಿದೆ, ತಿಮಿಂಗಿಲವೊಂದು ದಿನಾ ಸಂಜೆ ದಂಡೆಗೆ ಬಂದು ನನ್ನ ಕ್ಷೇಮ ವಿಚಾರಿಸುತ್ತಿತ್ತು.

ಸುಳ್ಳು. ಸಮುದ್ರವಲ್ಲ, ರಾಜೇಶ್ವರದ ಹತ್ತಿರದ ಒಂದು ಕೆರೆ. ಮೂರು ತಿಂಗಳಲ್ಲ, ಐದು ದಿನ. ಗಿಳಿ ಇರಲಿಲ್ಲ, ಕಾಗೆ ಇದ್ದವು. ಅವಕ್ಕೆ ಕನ್ನಡ ಮೊದಲೇ ಬರುತ್ತಿತ್ತು. ಉಳಿದದ್ದೆಲ್ಲ ಖರೆ. ನಾನು ಸುಮ್ಮನೆ ಕೂಡಬೇಕು ಎಂದು ಹೊರಟಾಗಲೆಲ್ಲ ಊರಿಗೆ ಕೆಲಸ ಹುಟ್ಟುತ್ತದೆ. ಇದು ಮೊದಲ ಸಲವೇನೂ ಅಲ್ಲ, ಆದರೆ ಎಲ್ಲಕ್ಕಿಂತ ಜಬರ್ದಸ್ತಾದದ್ದು ಇದೇ.

೧. ಡಾಕ್ಟರರ ಅಪ್ಪಣೆ

ಆಗ ನಾನು ಹುಮನಾಬಾದಿನಲ್ಲಿ ಟಾಂಗಾದಲ್ಲಿ ಕೂತು, ಭೋಂಗಾ ಬಾಯಿಗೆ ಹಿಡಿದು ಟಾಕೀಸಿನ ಸಿನೆಮಾ ಸಾರುತ್ತಿದ್ದೆ. ಮಾಣಿಕನಗರದಿಂದ ಬಸ್ ಸ್ಟ್ಯಾಂಡಿನ ತನಕ ದಿನಕ್ಕೆ ಎರಡು ಸುತ್ತು. "ಇಂದೇ ಕಡೆಯ ಆಟ! ತಪ್ಪಿಸಿಕೊಂಡವರು ಅತ್ತಾರು!" ಒಂದೇ ಸಿನೆಮಾಕ್ಕೆ ಮೂರು ವಾರ ದಿನಾಲೂ ಕಡೆಯ ಆಟ ಸಾರಿದವನು ನಾನು. ಯಾಕೆಂದು ಯಾರೂ ಕೇಳಲಿಲ್ಲ. ನನ್ನ ಬಾಯಿಂದ ಖರೆ ಮಾತು ಬಂದರೇ ಜನ ಗಾಬರಿಯಾಗುತ್ತಿದ್ದರು.

ಒಂದು ಮಳೆಗಾಲ ಗಂಟಲು ಕಟ್ಟಿತು. ಬಸವಕಲ್ಯಾಣದ ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ ಹೇಳಿದರು: "ಎಂಟು ದಿನ ಒಂದಕ್ಷರ ಮಾತಾಡಬ್ಯಾಡ್ರಿ. ಮಾತಾಡಿದ್ರ ಈ ಅವಾಜ ಮತ್ತ ಬರಂಗಿಲ್ಲ."

ಹೊಟ್ಟೆಪಾಡು ಒಂದು ಕಡೆ ಇರಲಿ, ಒಂಬತ್ತನೆಯ ದಿನ ಮಗಳ ನಿಶ್ಚಯ. ನಮ್ಮವರಲ್ಲಿ ಹೆಣ್ಣಿನ ಅಪ್ಪ ಐದು ಮಂದಿ ಹಿರಿಯರ ಎದುರು ಬಾಯಿ ಬಿಟ್ಟು "ಮಗಳನ್ನ ಕೊಟ್ಟೇವ್ರಿ" ಅನ್ನಬೇಕು. ಗೋಣು ಹಾಕಿದರೆ ನಡೆಯುವುದಿಲ್ಲ. ಗಂಡಿನವರು ಘಾಟಬೋರಾಳದವರು, ರೀತಿ ರಿವಾಜಿಗೆ ಬಹಳ ಬಿಗಿ.

ನನ್ನ ಹೆಂಡತಿ ಡಾಕ್ಟರರ ಕಡೆ ತಿರುಗಿದಳು. "ಎಂಟೇ ದಿನ ಸಾಕಾಗ್ತಾವೇನ್ರಿ? ಒಂದು ತಿಂಗಳು ಬರದು ಕೊಡ್ರಿ."

೨. ಪಾಟಿ

ಊರಲ್ಲಿದ್ದರೆ ನನ್ನ ಬಾಯಿ ನಿಲ್ಲುವುದಿಲ್ಲ. ರಾಜೇಶ್ವರದ ಕಡೆ ಹೆಂಡತಿಯ ತಮ್ಮನ ಹೊಲಕ್ಕೆ ಹತ್ತಿಕೊಂಡು ಒಂದು ಕೆರೆ, ಕೆರೆಯ ನಡುವೆ ಒಂದು ದಿಬ್ಬ. ಮಳೆಗಾಲದಲ್ಲಿ ಸುತ್ತ ನೀರು ನಿಂತು ಅದು ನಡುಗಡ್ಡೆಯಾಗುತ್ತದೆ. ಮೇಲೆ ಮೂರು ಈಚಲ ಗಿಡ. ಟಾಕೀಸಿನ ಪೋಸ್ಟರಿನಲ್ಲಿ ಇಂಥ ದ್ವೀಪದ ಮೇಲೆ ನಾಯಕಿ ಮಲಗಿದ್ದನ್ನು ನಾನು ನೋಡಿದ್ದೆ. ಭಾವಮೈದುನ ಬೆಲ್ಲ ಕುದಿಸುವ ದೊಡ್ಡ ಕಡಾಯಿಯನ್ನು ನೀರಿಗೆ ಬಿಟ್ಟು, ನನ್ನನ್ನೂ ಒಂದು ಕಂಬಳಿಯನ್ನೂ ಬರೆದು ತೋರಿಸಲು ಒಂದು ಪಾಟಿಯನ್ನೂ ಒಳಗಿಟ್ಟು, ಗಳ ಊರಿ ಆಚೆ ದಾಟಿಸಿದ. ದಿನಕ್ಕೆ ಎರಡು ಸಲ ರೊಟ್ಟಿ ತರುವುದು ಅವನ ಜಿಮ್ಮೆ.

ಮೊದಲ ದಿನ ಆಕಾಶ ನೋಡಿದೆ. ಎರಡನೆಯ ದಿನ ಮತ್ತೊಮ್ಮೆ ನೋಡಿದೆ, ಬದಲಾಗಿರಲಿಲ್ಲ. ಟಾಂಗಾ ಇಲ್ಲ, ಭೋಂಗಾ ಇಲ್ಲ. ನನ್ನ ಉಸಿರು ನನಗೇ ಕೇಳಿಸಿತು. ಇಷ್ಟು ವರ್ಷ ಅದು ಆಡುತ್ತಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಟಾಂಗಾದವನು ಬಂದ. ಕಡಾಯಿಯಿಂದ ಇಳಿಯುವ ಮೊದಲೇ ಶುರು ಮಾಡಿದ: "ಯಾರ ಮ್ಯಾಲ ಸಿಟ್ಟೋ ಮಾರಾಯಾ? ಊರೆಲ್ಲ ಕೇಳಾಕತ್ತದ. ನಡಿ ಮನಿಗೆ."

ನಮ್ಮ ಕಡೆ ಗಂಡಸು ಮನೆ ಬಿಟ್ಟು ಒಬ್ಬನೇ ಕೂಡುವುದು ಸಿಟ್ಟು ಬಂದಾಗ ಮಾತ್ರ. ಬಂದು ಸಮಾಧಾನ ಮಾಡಿ ಕರೆದುಕೊಂಡು ಹೋಗುವುದು ಊರಿನ ಧರ್ಮ. ಆರಾಮಕ್ಕೆ ಕೂತಿದ್ದೇನೆ ಎಂದರೆ ಅಂಥ ರಿವಾಜೇ ಇಲ್ಲ. ಪಾಟಿಯ ಮೇಲೆ ಬರೆದು ತೋರಿಸಿದೆ: ಸಿಟ್ಟಿಲ್ಲ, ಮಾತಾಡಬೇಡ ಅಂತ ಡಾಕ್ಟರು ಹೇಳ್ಯಾರ.

ಅವನು ಎರಡು ಸಲ ಓದಿದ. "ನೀ ಬಾಯಿಲೆ ಹೇಳಿದ್ದನ್ನೇ ಇಷ್ಟು ವರ್ಷ ನಾ ನಂಬಿಲ್ಲ. ಬರದು ಕೊಟ್ರ ನಂಬತೀನೇನು?"

೩. ಅತ್ತೆಯ ಗಡಿಯಾರ

ನಾಲ್ಕನೆಯ ದಿನ ಕಡಾಯಿಯಲ್ಲಿ ನಮ್ಮ ಅತ್ತೆ. ಎರಡೂ ಕೈಯಿಂದ ಅಂಚು ಹಿಡಿದು, ಕಣ್ಣು ಮುಚ್ಚಿ, ದೇವರುಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತ ಬಂದರು. ಇಳಿದವರೇ ಕಣ್ಣಿಗೆ ಸೆರಗು ಹಚ್ಚಿದರು.

"ಅಳಿಯಂದ್ರೆ, ನನಗ ತಿಳೀತು. ಮದುವ್ಯಾಗ ಗಡಿಯಾರ ಹಾಕ್ತೇವಂದ್ರು, ನಿಮ್ಮ ಮಾವ ಹಾಕಲಿಲ್ಲ. ಇಪ್ಪತ್ತು ವರ್ಷ ಹೊಟ್ಯಾಗ ಇಟ್ಕೊಂಡು ಕುಂತೀರಿ. ಈಗ ಮಗಳ ನಿಶ್ಚಯದಾಗ ತಗದೀರಿ."

ಆ ಗಡಿಯಾರ ನನಗೆ ಮರೆತೇ ಹೋಗಿತ್ತು. ಅತ್ತೆ ಸೊಂಟದ ಸಂಚಿಯಿಂದ ಮಾವನವರ ಸ್ವಂತ ಗಡಿಯಾರ ತೆಗೆದು ನನ್ನ ಮುಂಗೈಗೆ ಕಟ್ಟಿದರು. "ಮಲಗಿದ್ರು, ಬಿಚ್ಚಿಕೊಂಡು ಬಂದೀನಿ. ಇನ್ನರ ಮನಿಗೆ ಬರ್ರಿ."

ಬೇಡ ಅನ್ನಬೇಕೆಂದು ನನಗೆ ಬಹಳ ಇತ್ತು. ಏನು ಮಾಡುವುದು, ಮಾತಾಡಬೇಡ ಅಂತ ಡಾಕ್ಟರು ಹೇಳಿದ್ದರು.

೪. ಬೀಗರು

ಅತ್ತೆ ಹೋದಮೇಲೆ ಎದೆಯಲ್ಲಿ ಹೆದರಿಕೆ ಶುರುವಾಯಿತು. ಹೀಗೇ ಜನ ಬರುತ್ತ ಹೋದರೆ ನನ್ನ ಬಾಯಿ ಎಂದೋ ಒಮ್ಮೆ ಜಾರುತ್ತದೆ, ನಿಶ್ಚಯದ ದಿನ ಗಂಟಲಲ್ಲಿ ಬರೇ ಗಾಳಿ. ಅದಕ್ಕೇ ಪಾಟಿಯ ಮೇಲೆ "ನೀರು ಎರಡಾಳು ಆಳ, ಯಾರೂ ಬರಬೇಡಿರಿ" ಎಂದು ಬರೆದು, ದಂಡೆಯಲ್ಲಿ ನಿಲ್ಲಿಸಲು ಭಾವಮೈದುನನಿಗೆ ಕೊಟ್ಟೆ. ನೀರು ಇದ್ದದ್ದು ಸೊಂಟಕ್ಕೆ. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ನಾನು ಖರೆ ಬರೆದಾಗ ನಂಬದಿದ್ದ ಜನ ಇದನ್ನು ಓದಿದ ಕೂಡಲೆ ನಂಬಿದರು.

ಐದನೆಯ ದಿನ ಮಧ್ಯಾಹ್ನ ದಂಡೆಯ ಮೇಲೆ ಆರು ರುಮಾಲು ಕಂಡವು. ಘಾಟಬೋರಾಳದ ಬೀಗರು, ಹಿಂದೆ ಐದು ಮಂದಿ ಹಿರಿಯರು. ಹೆಣ್ಣಿನ ಅಪ್ಪ ಮನೆ ಬಿಟ್ಟು ಹೋಗಿದ್ದಾನೆ, ಮಗಳನ್ನು ಕೊಡುವ ಮನಸ್ಸಿಲ್ಲ ಎಂದು ಅವರ ಕಿವಿಗೆ ಬಿದ್ದಿತ್ತು. ಬೀಗರು ಅಲ್ಲಿಂದಲೇ ಕೂಗಿದರು: "ಕೊಡ್ತೀರೋ ಇಲ್ಲೋ, ಇವತ್ತೇ ಹೇಳ್ರಿ! ಇಲ್ಲಂದ್ರ ಬ್ಯಾರೆ ಹೆಣ್ಣು ನೋಡ್ತೇವಿ!"

ನಾನು ಎರಡೂ ಕೈ ಎತ್ತಿ ಮುಗಿದೆ. ದೂರದಿಂದ ಅದು "ಹೋಗಿ ಬರ್ರಿ" ಅಂದಂತೆ ಕಂಡಿತಂತೆ.

ಭಾವಮೈದುನ ಊಟಕ್ಕೆ ಹೋಗಿದ್ದ. ಬೀಗರು ಸಿಟ್ಟಿನಲ್ಲಿ ತಾವೇ ಕಡಾಯಿ ಹತ್ತಿ, ಛತ್ರಿಯಿಂದ ನೀರು ತಳ್ಳತೊಡಗಿದರು. ಕಡಾಯಿ ದುಂಡಗಿನ ವಸ್ತು. ಅದು ಮುಂದೆ ಹೋಗಲಿಲ್ಲ, ತಿರುಗಿತು. ಬೀಗರ ಮುಖ ಒಮ್ಮೆ ನನಗೆ ಕಾಣುತ್ತಿತ್ತು, ಒಮ್ಮೆ ಹಿರಿಯರಿಗೆ. ಹಾಗೇ ತಿರುಗುತ್ತ ತಿರುಗುತ್ತ ನಡುನೀರಿಗೆ ಬಂದು ಮಗುಚಿತು.

ಭಾರಿ ಆಸಾಮಿ. ಬಿದ್ದಲ್ಲೇ ಕೈಕಾಲು ಬಡಿಯತೊಡಗಿದರು. ಗಾಬರಿ ಬಿದ್ದವನು ಸೊಂಟದ ನೀರಿನಲ್ಲೂ ಮುಳುಗುತ್ತಾನೆ. ಕೂಗಿದರೆ ನನ್ನ ಅವಾಜ ಹೋಗುತ್ತದೆ, ಕೂಗದಿದ್ದರೆ ಬೀಗರು ಹೋಗುತ್ತಾರೆ. "ಎದ್ದು ನಿಲ್ಲಿರಿ" ಎಂದು ಒದರಲು ಬಾಯಿ ತೆರೆದೆ. ವರ್ಷಗಟ್ಟಲೆ ರೂಢಿಯಾದ ಬಾಯಿ. ಹೊರಗೆ ಬಂದದ್ದೇ ಬೇರೆ:

"ಇಂದೇ ಕಡೆಯ ಆಟ! ತಪ್ಪಿಸಿಕೊಂಡವರು ಅತ್ತಾರು!"

ಬೀಗರು ಸಿಟ್ಟಿಗೆ ಎದ್ದು ನಿಂತರು. ನೀರು ಸೊಂಟಕ್ಕೆ ಬಂತು. ಅತ್ತ ನೋಡಿದರು, ಇತ್ತ ನೋಡಿದರು, ತಮ್ಮ ಸೊಂಟ ನೋಡಿಕೊಂಡರು. ನಡೆದುಕೊಂಡೇ ದಿಬ್ಬಕ್ಕೆ ಬಂದು ನನ್ನ ಪಕ್ಕ ಕೂತು ರುಮಾಲು ಹಿಂಡಿದರು.

ನನ್ನ ಗಂಟಲು ಪೂರಾ ಹೋಗಿತ್ತು. ಅವರ ಕಿವಿಗೆ ಬಾಯಿ ಹಚ್ಚಿ ಉಸಿರಿದೆ: "ಮಗಳನ್ನ ಕೊಟ್ಟೇವ್ರಿ."

ಗಾಳಿ ಬೀಸಿತು. ಒಂದು ಕಾಗೆ ಬಂದು ನಮ್ಮಿಬ್ಬರನ್ನೂ ನೋಡಿ ಹೋಯಿತು. ಬಹಳ ಹೊತ್ತಿನ ಮೇಲೆ ಬೀಗರು ಅಂದರು: "ಬೀಗ್ರೆ, ನಮ್ಮ ಮನ್ಯಾಗ ಹದಿನಾಲ್ಕು ಮಂದಿ. ಇಷ್ಟು ಸುಮ್ಮ ಕುಂತು ಎಷ್ಟು ವರ್ಷ ಆತೋ. ರೊಟ್ಟಿ ಎಷ್ಟು ಹೊತ್ತಿಗೆ ಬರ್ತಾವ?"

ಹೊಸ ಗಡಿಯಾರ ತೋರಿಸಿದೆ.

ದಂಡೆಯಿಂದ ಹಿರಿಯರು ಕೂಗಿದರು: "ಏನಾತ್ರೀ?"

ಬೀಗರು ಎದ್ದು ನಿಂತರು. "ಕೊಟ್ಟಾರ್ರಿ! ನನ್ನ ಕಿವಿಲೆ ಕೇಳೀನಿ!"

"ಹಂಗಾದ್ರ ನಾವೂ ಬರ್ತೇವಿ ತಡೀರಿ!"

"ಬರಬ್ಯಾಡ್ರಿ! ಎರಡಾಳು ನೀರೈತಿ!"

"ನೀವು ನಡಕೊಂಡು ಹೋದ್ರೆಲ್ರೀ?"

"ನಾ ನಡದದ್ದು ಬಂಡೆಗಲ್ಲಿನ ಮ್ಯಾಲ! ಆ ಕಡಿ ಈ ಕಡಿ ಪಾತಾಳ!"

ಆ ಕೆರೆಯಲ್ಲಿ ಬಂಡೆಗಲ್ಲೇ ಇರಲಿಲ್ಲ. ಮಗಳು ಸರಿಯಾದ ಮನೆಗೇ ಹೊರಟಿದ್ದಾಳೆ ಎಂದು ನನ್ನ ಜೀವ ತಂಪಾದದ್ದು ಆಗ. ಬೀಗರು ಮೂರು ದಿನ ಇದ್ದು ಹೋದರು. ಕೇಳಿದವರಿಗೆಲ್ಲ, ತಮಗೆ ಸಿಟ್ಟು ಬಂದಿತ್ತು ಎಂದು ಹೇಳಿದರು.

ನನ್ನ ಅವಾಜ ಅವತ್ತಿನಿಂದ ಹೀಗೇ ಒಡಕು, ನೋಡ್ರಿ. ಬಿಸಿ ಚಹಾ ಬಿದ್ದರೆ ಮಾತ್ರ ಸ್ವಲ್ಪ ತೆರೆಯುತ್ತದೆ. ಡಾಕ್ಟರು ಇನ್ನೊಂದು ಮಾತೂ ಹೇಳಿದ್ದಾರೆ: ಈ ಗಂಟಲಿಗೆ ಸ್ವಂತ ರೊಕ್ಕದ ಚಹಾ ಹತ್ತುವುದಿಲ್ಲವಂತೆ. ನಂಬಿಕೆಯಿಲ್ಲದಿದ್ದರೆ ಪಾಟಿ ತರಿಸ್ರಿ, ಬರೆದು ಕೊಡುತ್ತೇನೆ. ಅಷ್ಟರಲ್ಲಿ ಈ ಚಹಾದ ರೊಕ್ಕ ನೀವು ಕೊಟ್ಟುಬಿಡ್ರಿ.