ಹತ್ತು ದಿನದ ರಜೆ, ಚೊಕ್ಕ ಇನ್‌ಬಾಕ್ಸ್

ನಿನ್ನೆ ಸಂಜೆ ದೂರು ಗುಮಾಸ್ತನ ಇನ್‌ಬಾಕ್ಸಿನಲ್ಲಿ ನಾಲ್ಕು ಸಾವಿರದ ಚಿಲ್ಲರೆ ಮೇಲ್‌ಗಳಿದ್ದವು. ಈ ಬೆಳಿಗ್ಗೆ ಆಫೀಸಿನಲ್ಲಿ ಕಂಪ್ಯೂಟರ್ ತೆರೆದರೆ ಒಂದೂ ಇಲ್ಲ. ಪರದೆ ಒರೆಸಿಟ್ಟ ತಟ್ಟೆಯ ಹಾಗಿತ್ತು.

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಆರು ವರ್ಷ ದೂರು ಓದಿ ಓದಿ ಬೇಸತ್ತವನು ಅವನು. ಬಸ್ಸಿನಲ್ಲಿ ಮೊಬೈಲಿನಿಂದ ಹತ್ತು ಅಳಿಸಿದರೆ, ಆಫೀಸು ಮುಟ್ಟುವಷ್ಟರಲ್ಲಿ ಇಪ್ಪತ್ತು ಬಂದಿರುತ್ತಿದ್ದವು. ಹಾಗಾಗಿ ಒಂದು ಕ್ಷಣ ಸುಖವೆನಿಸಿತು. ಮರುಕ್ಷಣ ರಜೆಯ ನೆನಪಾಯಿತು. ಅವನ ಹತ್ತು ದಿನದ ರಜೆಗೆ ಸಾಹೇಬರ ಉತ್ತರ ಇವತ್ತು ಮೇಲ್‌ನಲ್ಲೇ ಬರಬೇಕಿತ್ತು. ಆರು ವರ್ಷದಲ್ಲಿ ಅವನು ಕೇಳಿದ ಮೊದಲ ರಜೆ. ಎಲ್ಲಿಗೂ ಹೋಗುವ ಆಸೆಯಿರಲಿಲ್ಲ, ಸೋಫಾದ ಮೇಲೆ ಕಾಲು ಚಾಚಿ ಬಿದ್ದುಕೊಂಡರೆ ಸಾಕಿತ್ತು. ಬೆಳಿಗ್ಗೆ ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ, ಶಾಲೆಯ ನಿವೃತ್ತ ಹೆಡ್‌ಮೇಡಂ, ಗುಡಿಸುವುದನ್ನು ನಿಲ್ಲಿಸಿ ಕೇಳಿದ್ದರು: "ಹತ್ತೂ ದಿನ ಮನೇಲೇ ಇರ್ತೀರಾ, ಅಳಿಯಂದಿರೇ?"

"ಇದು ವೈರಸ್ಸೇ," ಎಂದರು ಬಿಡಿಭಾಗ ನೋಡಿಕೊಳ್ಳುವ ಸ್ಟೋರ್ ಮೇಡಂ, ಕರೆಯದಿದ್ದರೂ ಬಂದು.

ಲಿಫ್ಟ್ ಮೆಕ್ಯಾನಿಕ್ ಒಬ್ಬ ಅವರನ್ನು ಸರಿಸಿ ಕೂತ. "ಕಸದ ಬುಟ್ಟೀನೂ ಖಾಲಿ! ನೋಡಿ, ಇದು ಒಂದೇ ಬಾವಿ ಇದ್ದ ಹಾಗೆ. ಯಾವ ಹಗ್ಗದಿಂದ ಸೇದಿದ್ರೂ ನೀರು ಕಮ್ಮಿ ಆಗುತ್ತೆ. ಇನ್ನೆಲ್ಲಿ ಲಾಗಿನ್ ಆಗಿದೀರಿ?"

"ಮೊಬೈಲು. ಮನೇಲಿ ಹಳೇ ಟ್ಯಾಬ್ ಒಂದಿದೆ. ಅದ್ರಲ್ಲಿ ಅತ್ತೆ ಸೀರಿಯಲ್ ನೋಡ್ತಾರೆ, ಅಷ್ಟೇ."

"ಹಾಗಾದ್ರೆ ಅದಲ್ಲ ಬಿಡಿ. ಪಾಸ್‌ವರ್ಡ್ ಬದಲಾಯಿಸಿ."

ಹಳೆಯ ಪಾಸ್‌ವರ್ಡ್ ನೆನಪಾಗಲಿಲ್ಲ. ಅಷ್ಟರಲ್ಲಿ ದಂತವೈದ್ಯರೊಬ್ಬರು ಏದುಸಿರು ಬಿಡುತ್ತ ನುಗ್ಗಿದರು. ನಾಲ್ಕು ದಿನದಿಂದ ಅವರ ಕ್ಲಿನಿಕ್ಕಿನ ಲಿಫ್ಟ್ ಕೆಟ್ಟು ನಿಂತಿತ್ತು.

"ಮೂರು ಮೇಲ್ ಹಾಕಿದೀನಿ! ಉತ್ತರ ಎಲ್ರೀ?" ಎಂದು ಅವನ ತೋಳು ಹಿಡಿದರು.

ಆಗಲೇ ಮೇಜಿನ ಮೇಲೆ ಮೊಬೈಲ್ ಟಿಂಗ್ ಎಂದಿತು. 'ರಜೆಯ ಬಗ್ಗೆ', ಸಾಹೇಬರಿಂದ! ಹಲ್ಲು ಕೀಳುವವರ ಹಿಡಿತ, ಸುಲಭಕ್ಕೆ ಬಿಡಲಿಲ್ಲ. ಹತ್ತು ನಿಮಿಷದ ಮೇಲೆ ಬಿಡಿಸಿಕೊಂಡು ನೋಡಿದರೆ ಆ ಮೇಲ್ ಮಂಗಮಾಯ. ಗುಮಾಸ್ತನಿಗೆ ಅಳುವೇ ಬಂತು. ಮಾನ ಬಿಟ್ಟು ಸಾಹೇಬರ ಕೋಣೆಗೆ ಓಡಿದ.

ಸಾಹೇಬರು ಎದ್ದು ಕೈ ಕುಲುಕಿದರು. "ರಜೆ ಕೊಟ್ಟಿದೀನಿ, ಆದ್ರೆ ಕೆಲಸ ಜಾಸ್ತಿ ಇದೆ, ಬಿಟ್ಟುಕೊಡ್ತೀರಾ ಅಂತ ಸಂಕೋಚದಿಂದ್ಲೇ ಕೇಳಿದ್ದೆ. ಎಂಥಾ ಉತ್ತರ ರೀ ನಿಮ್ದು!"

ಅವರು ತಿರುಗಿಸಿದ ಪರದೆಯ ಮೇಲೆ ಹೀಗಿತ್ತು: 'ರಜೆ ಬೇಡ. ಮನೆಯಲ್ಲಿ ಕೂತರೆ ಗುಡಿಸುವವರ ಕಾಲಿಗೆ ತೊಡರು. ಭಾನುವಾರವೂ ಕೆಲಸವಿದ್ದರೆ ದಯವಿಟ್ಟು ತಿಳಿಸಿ.'

ಗುಮಾಸ್ತನಿಗೆ ಅತ್ತೆಯ ಪೊರಕೆ ಕಣ್ಣಿಗೆ ಕಟ್ಟಿತು.

"ಇನ್‌ಬಾಕ್ಸೂ ಚೊಕ್ಕವಾಗಿ ಇಟ್ಕೊಂಡಿದೀರಂತೆ, ಸ್ಟೋರ್ ಮೇಡಂ ಹೇಳಿದ್ರು. ನನ್ನಲ್ಲಿ ಹನ್ನೊಂದು ಸಾವಿರ ಬಿದ್ದಿವೆ. ಇವತ್ತಿಂದ ಅದನ್ನೂ ನೀವೇ ನೋಡ್ಕೊಳ್ಳಿ."

ಮನೆಯಲ್ಲಿ ಅತ್ತೆ ಟ್ಯಾಬ್ ಹಿಡಿದೇ ಬಾಗಿಲು ತೆರೆದರು. "ಅದೆಷ್ಟು ಕಸ ಗುಡ್ಡೆ ಹಾಕಿದ್ರಿ, ಅಳಿಯಂದಿರೇ! ನಿನ್ನೆ ರಾತ್ರಿ ಸೀರಿಯಲ್ ಮಧ್ಯೆ ಜಾಹೀರಾತು ಬಂದಾಗಲೆಲ್ಲ ಕೂತು ಗುಡಿಸಿದೆ. ಇವತ್ತು ಪಾಪ, ಯಾರೋ ದೊಡ್ಡವರು ರಜೆ ಬಿಟ್ಕೊಡ್ತೀರಾ ಅಂತ ಕೇಳಿದ್ರು. ಇಲ್ಲ ಅನ್ನೋಕಾಗುತ್ತಾ?"

ಜಗಳವಾಡಲು ಅವನಲ್ಲಿ ತ್ರಾಣವಿರಲಿಲ್ಲ. "ಅತ್ತೆ, ಸಾಹೇಬರದ್ದು ಹನ್ನೊಂದು ಸಾವಿರ ಇದೆ. ಅದನ್ನೂ ನೀವೇ ಸ್ವಲ್ಪ..."

"ಊರ ಕಸ ಎಲ್ಲ ನಾನ್ಯಾಕೆ ಗುಡಿಸ್ಲಿ? ಸೀರಿಯಲ್ ಹೊತ್ತಾಯ್ತು. ಆ ಕಡೆ ಸರೀರಿ, ಸೋಫಾ ಕೊಡವ್ಬೇಕು."

ಅವನು ನೆಲದ ಮೇಲೆ ಕೂತು ಮೊಬೈಲಿನಲ್ಲಿ ಸಾಹೇಬರ ಇನ್‌ಬಾಕ್ಸ್ ತೆರೆದ. ಮೊದಲನೆಯದೇ ದಂತವೈದ್ಯರ ಮೇಲ್. ಈ ಸಲ ದೂರು ಲಿಫ್ಟಿನ ಮೇಲಲ್ಲ, ಅವನ ಮೇಲೆ.